ಕಾದ ಟೈರಿನ ಹವಾ ಬಿಡಬೇಡಿ

ವಿಜಯಪುರದ ಬೇಸಿಗೆಯಲ್ಲಿ ನಮ್ಮ ಟೈರ್ ಕೆಲಸದಲ್ಲಿ ಪದೇ ಪದೇ ಕಾಣುವ ತಪ್ಪು ಇದು. ಮಧ್ಯಾಹ್ನ ಸೊಲ್ಲಾಪುರ ಕಡೆಯಿಂದ ಲೋಡ್ ಹೊತ್ತ ಲಾರಿ ಬಂದು ನಿಲ್ಲುತ್ತದೆ. ಹವಾ ಒತ್ತಡ ಅಳೆಯುವ ಗೇಜ್ ಹಚ್ಚಿದರೆ 128 ಪಿಎಸ್‌ಐ (ಒತ್ತಡದ ಅಳತೆ). "ಹವಾ ಜಾಸ್ತಿ ಆಗೇದ, ಒಡೀತದ, ಸ್ವಲ್ಪ ಬಿಡ್ರಿ" ಅಂತಾರೆ ಡ್ರೈವರ್. ಬಿಡಬಾರದು.

ಒಳಗಿನ ಹವಾ ಹೆಚ್ಚಾಗಿಲ್ಲ, ಇದ್ದದ್ದೇ ಕಾದಿದೆ. ಹಿಗ್ಗಲು ಜಾಗವಿಲ್ಲದ್ದಕ್ಕೆ ಒತ್ತಡ ಏರಿದೆ. ಲೆಕ್ಕ ಹಾಕುವಾಗ ಡಿಗ್ರಿಗೆ 273 ಕೂಡಿಸಬೇಕು, ಗೇಜಿನ ಅಂಕಿಗೆ ಹೊರಗಿನ ಗಾಳಿಯ ಒತ್ತಡ ಸುಮಾರು 14 ಕೂಡಿಸಬೇಕು. ಬೆಳಿಗ್ಗೆ 30 ಡಿಗ್ರಿಯಲ್ಲಿ 110 ಪಿಎಸ್‌ಐ ತುಂಬಿದ್ದರೆ ನಿಜವಾದ ಒತ್ತಡ 124. ಒಳಗಿನ ಹವಾ 75 ಡಿಗ್ರಿಗೆ ಏರಿದಾಗ 124ನ್ನು 348ರಿಂದ ಗುಣಿಸಿ 303ರಿಂದ ಭಾಗಿಸಿ: 142. ಅದರಲ್ಲಿ 14 ಕಳೆದರೆ ಅದೇ 128. ಟೈರ್ ಕಂಪನಿ ಕೊಡುವ ಅಂಕಿ ತಣ್ಣಗಿನ ಟೈರಿನದು, ಈ ಏರಿಕೆಯನ್ನು ಹಿಡಿದೇ ಕೊಟ್ಟದ್ದು. ಬಾಯಿಲೆಕ್ಕ ಬೇಕಾದರೆ 10 ಡಿಗ್ರಿ ಏರಿದರೆ ಲಾರಿ ಟೈರಿಗೆ 4, ಕಾರಿಗೆ ಒಂದೂವರೆ ಪಿಎಸ್‌ಐ ಏರುತ್ತದೆ.

ಈಗ ಅದನ್ನು 110ಕ್ಕೆ ಇಳಿಸಿದಿರಿ ಅನ್ನಿ. ಮರುದಿನ ಬೆಳಿಗ್ಗೆ ಉಳಿಯುವುದು 94. ಹವಾ ಕಡಿಮೆಯಾದ ಟೈರಿನ ಮಗ್ಗುಲು ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ, ಕಾದು ಕಾದು ರಬ್ಬರಿನಿಂದ ಒಳಗಿನ ತಂತಿಪದರ ಬಿಡುತ್ತದೆ. ಒಡೆಯಬಾರದೆಂದು ಬಿಟ್ಟ ಹವಾನೇ ಟೈರನ್ನು ಒಡೆಯುವ ದಾರಿಗೆ ಹಚ್ಚುತ್ತದೆ.

ಹವಾ ನೋಡಬೇಕಾದ್ದು ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಇಲ್ಲವೇ ನಿಂತು ಕನಿಷ್ಠ ಮೂರು ತಾಸು ಆದ ಮೇಲೆ, ಅದೂ ನೆರಳಿನಲ್ಲಿ. ಒಂದು ಮಗ್ಗುಲಿಗೆ ಬಿಸಿಲು ಬಿದ್ದ ಲಾರಿಯಲ್ಲಿ ಆ ಸಾಲಿನ ಟೈರುಗಳು ಹೆಚ್ಚು ತೋರಿಸುತ್ತವೆ, ಅದನ್ನು ನಂಬಿ ಎರಡೂ ಕಡೆ ಸಮ ಮಾಡಿದರೆ ಸಂಜೆಗೆ ಬಿಸಿಲ ಕಡೆಯದು ಕಡಿಮೆ ಬೀಳುತ್ತದೆ.

ಹಿಂದಿನ ಜೋಡಿ ಚಕ್ರದ ಒಳಟೈರನ್ನು ನೋಡದೆ ಬಿಡಬೇಡಿ. ಅದರ ವಾಲ್ ಕೈಗೆ ಸಿಗುವುದಿಲ್ಲವೆಂದು ಎಷ್ಟೋ ಜನ ರಾಡಿನಿಂದ ಬಡಿದು ಸದ್ದು ಕೇಳಿ ಮುಂದೆ ಹೋಗುತ್ತಾರೆ. ಪೂರ್ತಿ ಕುಳಿತ ಟೈರು ಆ ಸದ್ದಿನಲ್ಲಿ ಗೊತ್ತಾದೀತು. 85ಕ್ಕೂ 110ಕ್ಕೂ ಇರುವ ವ್ಯತ್ಯಾಸ ಕಿವಿಗೆ ಸಿಗದು. ವಾಲಿಗೆ ಎಕ್ಸ್‌ಟೆನ್ಷನ್ ಹಾಕಿಸಿ, ಗೇಜ್ ಹಚ್ಚಿ. ಒಂದು ಟೈರು ಮಾತ್ರ ಉಳಿದವುಗಳಿಗಿಂತ ಬಿಸಿಯಿದ್ದರೆ ಹವಾ ಕಡಿಮೆ ಇರಬಹುದು, ಇಲ್ಲವೇ ಬ್ರೇಕ್ ಹಿಡಿದಿರಬಹುದು, ಬೇರಿಂಗ್ ಹೋಗಿರಬಹುದು. ಮೂರನ್ನೂ ನೋಡಿ.

110 ಇರಬೇಕಾದಲ್ಲಿ 88ಕ್ಕಿಂತ ಕೆಳಗಿಳಿದು ಓಡಿದ ಟೈರಿಗೆ ಗಾಡಿಯ ಮೇಲೆಯೇ ಹವಾ ತುಂಬುವುದು ಜೀವಕ್ಕೆ ಅಪಾಯ. ಒಳಗೆ ತಂತಿ ಮುರಿದಿದ್ದರೆ ತುಂಬುವಾಗಲೇ ಮಗ್ಗುಲು ಸೀಳುತ್ತದೆ. ಮೊದಲು ವಾಲ್ ಪಿನ್ ತೆಗೆದು ಹವಾ ಪೂರ್ತಿ ಬಿಟ್ಟು, ಟೈರ್ ಬಿಚ್ಚಿ ಒಳಗೆಲ್ಲ ನೋಡಿ. ತುಂಬುವಾಗ ಕಬ್ಬಿಣದ ಪಂಜರದೊಳಗಿಟ್ಟು ದೂರ ನಿಂತು ತುಂಬಿ.

ನೈಟ್ರೋಜನ್ ಹಾಕಿಸಿದರೆ ಒತ್ತಡ ಏರುವುದಿಲ್ಲ ಅನ್ನುವವರೂ ಇದ್ದಾರೆ. ಅದೂ ಇದೇ ಲೆಕ್ಕದಲ್ಲೇ ಏರುತ್ತದೆ. ನಾವು ತುಂಬುವ ಹವಾದಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ನೈಟ್ರೋಜನ್ನಿನ ಒಂದು ಲಾಭ ಒಣಗಿರುವುದು. ಕಂಪ್ರೆಸರ್ ಟ್ಯಾಂಕಿನ ತಳದ ಕಾಕ್ ತೆರೆದು ದಿನಾ ನೀರು ಬಸಿದರೆ ಟೈರಿಗೆ ಹೋಗುವ ನೀರು ಬಹಳಷ್ಟು ತಪ್ಪುತ್ತದೆ.