ಹೆಸರಿನ ಬಾಲ ಹಿಡಿದು

ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷ, ಮೊದಲ ಫಾರ್ಮಕಾಲಜಿ (ಔಷಧಶಾಸ್ತ್ರ) ಕ್ಲಾಸು. ಮೇಡಂ ಹಾಜರಿ ಪುಸ್ತಕ ತೆರೆದರು, ಆದರೆ ಹೆಸರು ಕೂಗಲಿಲ್ಲ. "ಮಾಜಾಳಿಕರ ಅಂದ್ರೆ ಎಲ್ಲಿಯವರು?" ಎಂದು ಕೇಳಿದರು.

"ಮಾಜಾಳಿ, ಮೇಡಂ."

"ನಾಯಕ?"

"ಅಂಕೋಲಾ ಕಡೆಯವರು ಇರಬೇಕು."

"ಹೆಗಡೆ?"

"ಶಿರಸಿನೋ ಸಿದ್ದಾಪುರನೋ!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕೆವು.

"ಅಡ್ಡಹೆಸರು ಕೇಳಿದರೆ ಮನೆತನ ಗೊತ್ತಾಗ್ತದೆ ಅಲ್ವಾ? ಮಾತ್ರೆಗೂ ಹಾಗೇ. ಹೆಸರಿನ ಬಾಲ ಹಿಡೀರಿ" ಎಂದು ಬೋರ್ಡಿನ ಕಡೆ ತಿರುಗಿದರು.

ನಾನು ಕುಮಟಾ ತಾಲೂಕಿನ ಹಳ್ಳಿಯವಳು, ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ದಿಂಬಿನ ಗಾತ್ರದ ಇಂಗ್ಲಿಷ್ ಪುಸ್ತಕ ನೋಡಿಯೇ ಅರ್ಧ ಜೀವ ಹೋಗಿತ್ತು. ಆ ದಿನ ಅದು ಸ್ವಲ್ಪ ತೆಳ್ಳಗಾಯಿತು. ಅಟೆನೊಲೊಲ್, ಮೆಟೊಪ್ರೊಲೊಲ್: ಬಾಲ 'ಒಲೊಲ್'. ಎದೆಬಡಿತ ನಿಧಾನ ಮಾಡುವ ಮನೆತನ. ಕೊಡುವ ಮೊದಲು ನಾಡಿ ನೋಡು, ಅಸ್ತಮಾ ಇದೆಯಾ ಕೇಳು. ಎನಾಲಾಪ್ರಿಲ್, ರಾಮಿಪ್ರಿಲ್: ಬಿಪಿ ಇಳಿಸುತ್ತವೆ, ಕೆಲವರಿಗೆ ಒಣಕೆಮ್ಮು ತರುತ್ತವೆ. ಬಿಪಿಗೇ ಕೊಡುವ ಆಮ್ಲೊಡಿಪಿನ್ ಇದ್ದರೆ ಪಾದ ಊದಿದೆಯಾ ನೋಡು. ಹೊಟ್ಟೆಯ ಆಮ್ಲ ಇಳಿಸುವ ಪ್ಯಾಂಟೊಪ್ರಜೋಲ್ ಊಟಕ್ಕೆ ಮೊದಲು. "ಇಲ್ಲಿ ಮಾತ್ರ 'ಪ್ರಜೋಲ್' ಅಂತ ಪೂರ್ತಿ ಬಾಲ ಹಿಡೀರಿ. ಬರೀ 'ಅಜೋಲ್' ಹಿಡಿದರೆ ಫ್ಲುಕೊನಜೋಲ್ ಕೈಗೆ ಬರ್ತದೆ. ಅದು ಫಂಗಸ್‌ಗೆ ಕೊಡೋದು."

ನಮ್ಮ ಕಡೆ 'ಮದ್ದು' ಅಂದರೆ ಔಷಧವೂ ಹೌದು, ಆಗದವರು ಊಟದಲ್ಲಿ ಹಾಕಿಕೊಡುತ್ತಾರೆಂದು ಜನ ಹೆದರುವ ನಂಜೂ ಹೌದು. ಮೇಡಂಗೆ ಈ ಮಾತು ಬಹಳ ಇಷ್ಟ. ಕಾಸರಕದ ಮರ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದರ ಬೀಜದಲ್ಲಿರುವ ಸ್ಟ್ರಿಕ್ನಿನ್ ಮೈಯನ್ನು ಬಿಲ್ಲಿನ ಹಾಗೆ ಸೆಟೆಸಿ ಕೊಲ್ಲುವ ವಿಷ. ಅದನ್ನು 1818ರಲ್ಲಿ ಮೊದಲು ಬೇರ್ಪಡಿಸಿದವರು ಪೆಲ್ಟಿಯೆ ಮತ್ತು ಕವೆಂಟು ಎಂಬ ಇಬ್ಬರು ಫ್ರೆಂಚರು. ಅವರೇ 1820ರಲ್ಲಿ ಸಿಂಕೋನಾ ತೊಗಟೆಯಿಂದ ಕ್ವಿನೈನ್ ತೆಗೆದರು, ಮಲೇರಿಯಾ ಜ್ವರಕ್ಕೆ ಅದೇ ಮದ್ದಾಯಿತು. "ಹಾಗಂತ ಕ್ವಿನೈನ್ ದೇವರಲ್ಲ. ಜಾಸ್ತಿ ಆದರೆ ಕಿವಿ ಗುಂಯ್ ಅಂತದೆ" ಎಂದು ಅದಕ್ಕೂ ಒಂದು ಕೊಕ್ಕೆ ಹಾಕುತ್ತಿದ್ದರು.

ಒಮ್ಮೆ ನಾನೇ ಕೇಳಿದೆ: ಪ್ರೊಪ್ರನೊಲೊಲ್ ರಕ್ತನಾಳಕ್ಕೆ ಕೊಟ್ಟರೆ 1 ಮಿಲಿಗ್ರಾಂ, ಮಾತ್ರೆ ಮಾತ್ರ 40 ಮಿಲಿಗ್ರಾಂ ಯಾಕೆ? ಮೇಡಂ ತಿರುಗಿ ಕೇಳಿದರು, "ಬೈತಖೋಲ ಬಂದರಿನಲ್ಲಿ ಇಳಿದ ಮೀನೆಲ್ಲ ನಿಮ್ಮ ಮನೆಗೆ ಬರ್ತದಾ?" ನುಂಗಿದ ಮಾತ್ರೆ ಕರುಳಿನಿಂದ ಸೀದಾ ಲಿವರಿಗೆ ಹೋಗುತ್ತದೆ. ಲಿವರು ಬಂದರಿನ ದಲಾಲಿ ಇದ್ದ ಹಾಗೆ, ತನ್ನ ಪಾಲು ಮುರಿದುಕೊಂಡೇ ಮುಂದಕ್ಕೆ ಬಿಡುವುದು. ಎದೆನೋವಿನ ಮಾತ್ರೆಯನ್ನು ನಾಲಿಗೆ ಅಡಿ ಇಡುವುದು ಈ ದಲಾಲಿಯ ಕಣ್ಣು ತಪ್ಪಿಸಲಿಕ್ಕೆ. ಪರೀಕ್ಷೆಯಲ್ಲಿ ಇದನ್ನು ಇಂಗ್ಲಿಷಿನಲ್ಲೇ ಬರೆದೆ, ಆದರೆ ತಲೆಯಲ್ಲಿ ಓಡಿದ್ದು ಮೀನಿನ ಬುಟ್ಟಿ.

ಇನ್ನು ನನ್ನ ತಪ್ಪಿನ ವಿಷಯ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ವಾರ್ಡ್ ಪೋಸ್ಟಿಂಗ್, ಬೆಳಗಿನ ತಿಂಡಿಗೆ ಮೊದಲಿನ ಗಡಿಬಿಡಿ. ಒಬ್ಬ ಅಜ್ಜನಿಗೆ 20 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಬಾಟಲಿ ಎತ್ತಿದೆ, ಟ್ರೇಯಿಂದ ಸಿರಿಂಜು ತೆಗೆದೆ, 20ರ ಗೆರೆವರೆಗೆ ಎಳೆದೆ, ಗಾಳಿಗುಳ್ಳೆಯನ್ನೂ ಬಿಡದೆ ತೆಗೆದೆ. ಸ್ಪಿರಿಟ್ ಹತ್ತಿ ಕೈಗೆ ತೆಗೆದುಕೊಳ್ಳುವಾಗ ಹಿಂದಿನಿಂದ ಮೇಡಂ ದನಿ: "ತಂಗೀ, ಮುಚ್ಚಳ ಯಾವ ಬಣ್ಣ?"

ಕಿತ್ತಳೆ. ಬಾಟಲಿಯ ಮೇಲೆ ಒಂದು ಮಿಲಿಗೆ 40 ಯೂನಿಟ್ ಎಂದು ಬರೆದಿತ್ತು. ಅದಕ್ಕೆ ಬೇಕಾದದ್ದು ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು ಮಿಲಿಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ.

ಮೇಡಂ ಬೈಯಲಿಲ್ಲ. ಗ್ಲೌಸಿನ ಖಾಲಿ ಡಬ್ಬಿ ಹರಿದು ಕೈಗೆ ಕೊಟ್ಟರು. "ಲೆಕ್ಕ ಮಾಡು." ಕಿತ್ತಳೆಯಲ್ಲಿ 20ರ ಗೆರೆ ಅಂದರೆ 0.2 ಮಿಲಿ. ಅದನ್ನು 40ರಿಂದ ಗುಣಿಸಿದರೆ 8 ಯೂನಿಟ್. ಅಜ್ಜನಿಗೆ ಅರ್ಧವೂ ಹೋಗುತ್ತಿರಲಿಲ್ಲ. "ಈಗ ಉಲ್ಟಾ ಮಾಡು." 100ರ ಬಾಟಲಿ, ಕೆಂಪು ಸಿರಿಂಜು, ಅದೇ 20ರ ಗೆರೆ. 0.5 ಮಿಲಿ. 50 ಯೂನಿಟ್. ಪೆನ್ನು ಅಲ್ಲೇ ನಿಂತಿತು. ಸಕ್ಕರೆ ದಿಢೀರ್ ಇಳಿದು, ಬೆವರಿ, ಎಚ್ಚರ ತಪ್ಪಿದರೆ ಅಜ್ಜ ಮತ್ತೆ ಏಳುವುದೇ ಅನುಮಾನ. ಅಜ್ಜನೋ, "ತಿಂಡಿ ಯಾವಾಗ ಬರ್ತದೆ?" ಎಂದು ಕೇಳುತ್ತಾ ಕೂತಿದ್ದ. ಮಧ್ಯಾಹ್ನ ಮೆಸ್ಸಿನಲ್ಲಿ ಬಂಗಡೆ ಸಾರಿತ್ತು. ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಆ ರಟ್ಟಿನ ತುಂಡು ಇನ್ನೂ ನನ್ನ ಹತ್ತಿರ ಇದೆ, ಶಾಯಿ ಮಾತ್ರ ಮಾಸಿದೆ.

ಪುಸ್ತಕದಲ್ಲಿಲ್ಲದ ಫಾರ್ಮಕಾಲಜಿಯನ್ನು ರೋಗಿಗಳು ಕಲಿಸಿದರು. ಅಂಕೋಲಾ ಕಡೆಯ ಒಬ್ಬ ಬಸುರಿ ಹೆಂಗಸು ಕಬ್ಬಿಣದ ಮಾತ್ರೆ ನಿಲ್ಲಿಸಿದ್ದಳು. ಮಲ ಕಪ್ಪಗಾಯಿತಂತೆ, ಒಳಗೇನೋ ಕೆಟ್ಟಿದೆ ಎಂದು ಹೆದರಿದ್ದಳು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದು ಚಾ ಜೊತೆಗೆ. ಚಾದೊಳಗಿನ ಒಗರು ಕಬ್ಬಿಣ ಹೀರದಂತೆ ಹಿಡಿದಿಡುತ್ತದೆ. ಕಪ್ಪಾಗುವುದು ಸಹಜ, ಚಾ ಬಿಟ್ಟು ಲಿಂಬೆ ಪಾನಕದ ಜೊತೆ ತಗೋ ಎಂದೆ. "ಇದನ್ನ ಮಾತ್ರೆ ಕೊಟ್ಟ ದಿನವೇ ಹೇಳಬಾರದಿತ್ತಾ?" ಎಂದಳು. ಅವಳು ಕೇಳಿದ್ದು ಸರಿಯೇ. ಎರಡು ವಾಕ್ಯ ಹೇಳಲಿಕ್ಕೆ ಎಷ್ಟು ಹೊತ್ತು ಬೇಕು?

ಕಳೆದ ಸಲ ರಜೆಗೆ ಬಂದಾಗ ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಮೇಡಂ ಸಿಕ್ಕರು. ನಿವೃತ್ತರಾಗಿದ್ದಾರೆ, ಕೂದಲು ಪೂರ್ತಿ ಬೆಳ್ಳಗಾಗಿದೆ. ಒಂದು ಕೈಯಲ್ಲಿ ಕಾಣೆ ಮೀನಿನ ಚೀಲ, ಇನ್ನೊಂದರಲ್ಲಿ ಔಷಧದ ಚೀಟಿ.

"ಬಿಪಿ ಬಂತು ಮಾರಾಯ್ತಿ. ಮೊದಲು ಕೊಟ್ಟ ಮಾತ್ರೆಗೆ ರಾತ್ರಿಯಿಡೀ ಕೆಮ್ಮು. ಡಾಕ್ಟರು ಬದಲಾಯಿಸಿದರು."

"ಪ್ರಿಲ್ ಇತ್ತಾ, ಮೇಡಂ?"

"ಮತ್ತೆ?"

"ಈಗ ಯಾವ ಬಾಲ?"

ಮೇಡಂ ಚೀಟಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. "ನೀನೇ ಹೇಳು."

"ಸಾರ್ಟಾನ್."

"ಹೂಂ, ಪಾಸು" ಎಂದು ಕಾಣೆಯ ಚೀಲವನ್ನು ನನ್ನ ಕೈಗೆ ಕೊಟ್ಟು, ಸೊಪ್ಪಿನವಳ ಹತ್ತಿರ ಚೌಕಾಸಿಗೆ ನಿಂತರು.