ಕುದಿಗೆ ಬಗ್ಗದವು

"ಸ್ವಲ್ಪ ವಾಸನೆ ಬಂದಿದೆ, ಚೆನ್ನಾಗಿ ಕುದಿಸಿದರೆ ಏನೂ ಆಗುವುದಿಲ್ಲ." ನಮ್ಮ ಕರಾವಳಿಯ ಅಡುಗೆಮನೆಗಳಲ್ಲಿ ಮಳೆಗಾಲ ಬಂತೆಂದರೆ ಕೇಳಿಬರುವ ಮಾತು ಇದು. ಅರ್ಧ ನಿಜ, ಅರ್ಧ ಅಪಾಯ. ಕುದಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದು ಸಾಯುವ ಮೊದಲೇ ಉಗುಳಿಟ್ಟ ವಿಷ ಎಲ್ಲ ಸಲವೂ ಹೋಗುವುದಿಲ್ಲ. ಹೊಸದಾಗಿ ಸೌಟು ಹಿಡಿದವರು ಮಸಾಲೆಯ ಅಳತೆಗಿಂತ ಮೊದಲು ಇದನ್ನು ಕಲಿಯಬೇಕು.

ಬಂಗುಡೆಯನ್ನೇ ತೆಗೆದುಕೊಳ್ಳಿ. ಬಂಗುಡೆ, ಬೂತಾಯಿಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಜಾಸ್ತಿ. ಮೀನು ಐಸ್ ಇಲ್ಲದೆ ಸೆಕೆಯಲ್ಲಿ ಬಿದ್ದಿದ್ದರೆ ಕಿವಿರು ಮತ್ತು ಹೊಟ್ಟೆಯ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ತಿಂದ ಕೆಲವೇ ನಿಮಿಷಗಳಲ್ಲಿ, ಇಲ್ಲವೇ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗಿ ಬಿಸಿಯೇರುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. "ನನಗೆ ಮೀನು ಆಗಿಬರುವುದಿಲ್ಲ" ಎನ್ನುವ ಕೆಲವರಿಗೆ ಆಗಿಬಾರದ್ದು ಮೀನಲ್ಲ, ಆ ದಿನದ ಹಳಸಲು ಬಂಗುಡೆ ಇರಬಹುದು. ಹಿಸ್ಟಮಿನ್ ಒಮ್ಮೆ ಹುಟ್ಟಿತೆಂದರೆ ಕಾವಲಿಯ ಬಿಸಿಗೂ ಹೋಗದು, ಹುಳಿ-ಮೆಣಸಿನ ಮೀನುಸಾರು ಪುಳಿಮುಂಚಿಯ ಹುಳಿಗೂ ಹೋಗದು, ಫ್ರೀಜರಿಗೂ ಹೋಗದು. ವಾಸನೆ ಬರಲೇಬೇಕೆಂದೂ ಇಲ್ಲ. ಬಾಯಿಗಿಟ್ಟಾಗ ಮೆಣಸಿನ ಹಾಗೆ ನಾಲಗೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ಖಾರದ ಮಸಾಲೆಯಲ್ಲಿ ಆ ಸೂಚನೆಯೂ ಗೊತ್ತಾಗುವುದಿಲ್ಲ ಎನ್ನುವುದು ನಮ್ಮ ಅಡುಗೆಯ ಕಷ್ಟ.

ಹಾಗಾಗಿ ಕೆಲಸವೆಲ್ಲ ಒಲೆಗೆ ಮೊದಲೇ ಆಗಬೇಕು. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಗುಳಿಬಿದ್ದಿರಬಾರದು. ಬೆರಳಲ್ಲಿ ಒತ್ತಿದ ಜಾಗ ಮೇಲೇಳಬೇಕು. ಬೂತಾಯಿಯ ಹೊಟ್ಟೆ ಒಡೆದಿದ್ದರೆ ಬಿಟ್ಟುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ಸಿಗುವುದು ನಾಡದೋಣಿಯ ಮೀನು, ಇಲ್ಲವೇ ದೂರದಿಂದ ಐಸಿನಲ್ಲಿ ಬಂದದ್ದು. ದೂರದ್ದಾದರೆ ಕಣ್ಣು ಕಿವಿರಿಗಿಂತ ಅಂಗಡಿಯವರು ಐಸ್ ಎಷ್ಟು ಹಾಕಿದ್ದಾರೆ ಎಂದು ನೋಡುವುದೇ ಮೇಲು. ಮಲ್ಪೆಯಿಂದಲೋ ಮಂಗಳೂರಿನ ಬಂದರು ಧಕ್ಕೆಯಿಂದಲೋ ತರುವವರು ಪೇಟೆಯ ಬೇರೆ ಕೆಲಸ ಮುಗಿಸಿ ಕೊನೆಗೆ ಮೀನು ಕೊಳ್ಳಿ. 1 ಕಿಲೋ ಮೀನಿಗೆ 1 ಕಿಲೋ ಪುಡಿ ಐಸ್ ಎಂಬ ಲೆಕ್ಕ ಸರಿಯಾದದ್ದು. ಮನೆಗೆ ಬಂದ ಕೂಡಲೇ ಕಿವಿರು, ಕರುಳು ತೆಗೆದು ತೊಳೆದು ಫ್ರಿಜ್ಜಿಗಿಡಿ. ಫ್ರಿಜ್ಜು 4 ಡಿಗ್ರಿಗಿಂತ ಮೇಲೇರಬಾರದು. ಮಸಾಲೆ ಹಿಡಿಯಲೆಂದು ಹಚ್ಚಿದ ಮೀನು ಕಟ್ಟೆಯ ಮೇಲೆ ಎರಡು ಗಂಟೆ ಕೂರುವುದು ಬೇಡ, ಫ್ರಿಜ್ಜಿನೊಳಗೂ ಮಸಾಲೆ ಚೆನ್ನಾಗಿಯೇ ಹಿಡಿಯುತ್ತದೆ.

ಅನ್ನದ ಕತೆಯೂ ಇದೇ ಜಾತಿಯದ್ದು, ಮತ್ತು ಅನ್ನವನ್ನು ಯಾರೂ ಅನುಮಾನಿಸುವುದಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬೇಯುವಾಗಲೂ ಸಾಯದೆ ಉಳಿಯುತ್ತದೆ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕುಳಿತರೆ ಮೊಳೆತು, ಬೆಳೆದು, ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಅಲ್ಲೇ ಇರುತ್ತದೆ. ಊಟವಾದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರು.

ಕುಚ್ಚಲಕ್ಕಿ 1 ಕಪ್ಪಿಗೆ ನಾಲ್ಕೈದು ಕಪ್ ನೀರು. ಕುಕ್ಕರಿನಲ್ಲಿ ಒಂದು ವಿಸಿಲ್ ಆದ ಮೇಲೆ ಸಣ್ಣ ಉರಿಯಲ್ಲಿ 10–15 ನಿಮಿಷ, ಆಮೇಲೆ ಒತ್ತಡ ತಾನಾಗಿಯೇ ಇಳಿಯಲಿ. ಕುಕ್ಕರು ಅರ್ಧಕ್ಕಿಂತ ಹೆಚ್ಚು ತುಂಬಿದರೆ ಗಂಜಿ ಉಕ್ಕಿ ವಿಸಿಲಿನಿಂದ ಚಿಮ್ಮುತ್ತದೆ. ಉಂಡು ಉಳಿದ ಅನ್ನವನ್ನು ಅಗಲದ ತಟ್ಟೆಗೆ ಹರವಿ, ಆರಿದ ಮೇಲೆ ಮುಚ್ಚಿ, ಎರಡು ಗಂಟೆಯೊಳಗೆ ಫ್ರಿಜ್ಜಿಗಿಡಿ. ಕುಕ್ಕರಿನಲ್ಲೇ ರಾತ್ರಿ ಬಿಡಬಾರದು, ಅದು ಬಿಸಿಯನ್ನು ಹಿಡಿದಿಟ್ಟು ಬ್ಯಾಕ್ಟೀರಿಯಾವನ್ನು ಸಾಕುತ್ತದೆ. ಮರುದಿನ ಹಬೆ ಏಳುವಷ್ಟು ಬಿಸಿ ಮಾಡಿ, ಒಂದೇ ಸಲ.

ಗಂಜಿ ಬಸಿದ ತಿಳಿಯನ್ನು ಚೆಲ್ಲದಿರುವುದಕ್ಕೂ ಕಾರಣವಿದೆ. ಭತ್ತವನ್ನು ಸಿಪ್ಪೆಯೊಂದಿಗೆ ಬೇಯಿಸಿ ಒಣಗಿಸುವಾಗ ತವಡಿನ ಬಿ1 ಜೀವಸತ್ವ ಕಾಳಿನ ಒಳಗಿಳಿಯುತ್ತದೆ. ಕುಚ್ಚಲಕ್ಕಿ, ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಮೇಲಾಗುವುದು ಅದರಿಂದ. ಬೇಯುವ ನೀರಿಗೆ ಅದರಲ್ಲಿ ಸ್ವಲ್ಪ ಇಳಿದಿರುತ್ತದೆ. ಆದರೆ ಗಂಜಿ, ಉಪ್ಪಿನಕಾಯಿ ಇಷ್ಟೇ ಆದರೆ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಾಲದು. ಹೆಸರುಕಾಳಿನ ಗಸಿ, ಅಂದರೆ ಕಾಯಿ ಅರೆದು ಮಾಡುವ ಗಟ್ಟಿ ಪದಾರ್ಥ, ಪಕ್ಕಕ್ಕಿದ್ದರೆ ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಾಳಿನಿಂದ ಸಿಗುತ್ತದೆ. ಒಣಮೀನಿನ ಚಟ್ನಿಯಲ್ಲೂ ಪ್ರೋಟೀನ್ ಇದೆ, ಜೊತೆಗೆ ಉಪ್ಪೂ ಇದೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದೊಳಗೆ ಒಟ್ಟು ಉಪ್ಪು ಮುಗಿಯಬೇಕು ಎಂಬ ಲೆಕ್ಕದಲ್ಲಿ ಒಣಮೀನು ಬೇಗ ಮಿತಿ ದಾಟಿಸುತ್ತದೆ.

ಕಾಯಿ ಹಾಕಿದ ಗಸಿ, ಕೊದ್ದೆಲು ಬೇಗ ಹಳಸುತ್ತವೆ. ಕಾಯಿ ಇಲ್ಲದ, ಹುಳಿ ಜಾಸ್ತಿಯ ಪುಳಿಮುಂಚಿ ತಾಳುತ್ತದೆ. ದೊಡ್ಡ ಪಾತ್ರೆಯ ಕೋರಿ (ಕೋಳಿ) ಗಸಿ ನಡುವಲ್ಲಿ ಆರುವುದೇ ಇಲ್ಲ. ಎರಡು ಇಂಚಿಗಿಂತ ಆಳವಿಲ್ಲದ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ಬೋಗುಣಿಯಲ್ಲಿ ಕೂರಿಸಿ, ಸೌಟಾಡಿಸಿ. ಕೋಳಿ ಬೇಯುವಾಗ ತುಂಡಿನ ಒಳಗೆ 74 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ತೊಡೆಯ ದಪ್ಪದ ಜಾಗದಲ್ಲಿ ಸೀಳಿ ನೋಡಿ. ಬೆಂದಿದೆಯೆಂದು ಇದರಿಂದಲೇ ಖಾತ್ರಿ ಹೇಳಲಾಗದು, ಆದರೆ ಕೆಂಪು ರಸ ಕಂಡರೆ ಇನ್ನೂ ಬೇಯಲಿ.

ಬೂಷ್ಟು ಹಿಡಿದ ನೆಲಗಡಲೆ, ಕೊಬ್ಬರಿ ಬಿಸಾಡಿ. ಬಿಳಿ ಪದರ ಒರೆಸಿ ಹುರಿದರೆ ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ಹೋಗುವುದಿಲ್ಲ. ಗುಡ್ಡದ ಗುರುತಿಲ್ಲದ ಅಣಬೆಯೂ ಅಷ್ಟೇ. ವಿಷದ ಅಣಬೆಯ ಜೊತೆ ಬೇಯಿಸಿದ ಬೆಳ್ಳುಳ್ಳಿ ಕಪ್ಪಾಗುತ್ತದೆ ಎನ್ನುವ ಮಾತು ನಂಬಿ, ಕಪ್ಪಾಗಲಿಲ್ಲವೆಂದು ತಿನ್ನುವ ಧೈರ್ಯ ಮಾಡಬೇಡಿ.

ಇನ್ನು ಕೆಸು. ಕೆಸುವಿನ ಎಲೆಗೆ ಅಕ್ಕಿಹಿಟ್ಟು ಹಚ್ಚಿ ಸುತ್ತಿ ಬೇಯಿಸುವ ಪತ್ರೊಡೆ ತಿಂದು ಗಂಟಲು ಕೆರೆಯುವುದು ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿಂದ. ಬರೀ ಬೇಯಿಸಿದರೆ ಸಾಲದು, ಹುಳಿ ಬೇಕು. ಹದಿನೈದು ಎಲೆಗೆ ಎರಡು ಕಪ್ ಅಕ್ಕಿ, ಲಿಂಬೆ ಗಾತ್ರದ ಹುಣಸೆಹುಳಿ. ಹಿಟ್ಟು ನಾಲಗೆಗೆ ಸ್ವಲ್ಪ ಅತಿ ಹುಳಿ ಎನಿಸಿದರೆ ಸರಿಯಾಗಿದೆ. ಎಲೆಯ ಹಿಂದಿನ ದಪ್ಪ ನರ ಹೆರೆದು ತೆಗೆಯಿರಿ, ಹಬೆಯಲ್ಲಿ ಮುಕ್ಕಾಲು ಗಂಟೆಗೆ ಕಡಿಮೆ ಬೇಡ.

ಕುದಿಗೆ ನಿಜವಾಗಿ ಬಗ್ಗುವುದು ಕಣಿಲೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶವಿದೆ. ತೆಳ್ಳಗೆ ಹೆಚ್ಚಿದಷ್ಟೂ ಅದು ಬೇಗ ಹೊರಬರುತ್ತದೆ, ದಪ್ಪ ತುಂಡಿನಲ್ಲಿ ಒಳಗೇ ಉಳಿಯುತ್ತದೆ. ಹೆಚ್ಚಿದ್ದನ್ನು ಎರಡು ಮೂರು ದಿನ ನೀರಲ್ಲಿಟ್ಟು ದಿನಾ ನೀರು ಬದಲಿಸಿ. ಆಮೇಲೆ ಧಾರಾಳ ನೀರಲ್ಲಿ ಕುದಿಸಿ, ಮುಚ್ಚಳ ಹಾಕದೆ, ಯಾಕೆಂದರೆ ಆ ವಿಷ ಆವಿಯಾಗಿ ಹೋಗಬೇಕು. ಕಿಟಕಿಯೂ ತೆರೆದಿರಲಿ. ಕುದಿಸಿದ ನೀರನ್ನು ಸಾರಿಗೆ ಬಳಸದೆ ಚೆಲ್ಲಿ, ಕಣಿಲೆಯನ್ನು ಇನ್ನೊಮ್ಮೆ ತೊಳೆದು ಹೆಸರುಕಾಳಿನ ಗಸಿಗೆ ಹಾಕಿ. ಅಂಬಟೆ ಸಿಕ್ಕಿದರೆ ಎರಡು ಜಜ್ಜಿ ಸೇರಿಸಿ.