‘ಅಭಿಷೇಕ ತೈಲ ಮನೇಲಿ ಮಾಡಬಹುದಾ?’ ಅಂತ ಕೇಳುವವರಿಗೆ

ಮಾಡಬಾರದು. ಯಾಜಕರನ್ನು ಪ್ರತಿಷ್ಠಿಸಲು ಬಳಸಿದ ಆ ಎಣ್ಣೆಯ ಅಳತೆ ಬೈಬಲಿನ ವಿಮೋಚನಕಾಂಡ 30ರಲ್ಲಿ ಇದೆ, ನಿಜ: ರಕ್ತಬೋಳ 500 ಶೆಕೆಲ್ (ಆ ಕಾಲದ ತೂಕ), ಪರಿಮಳದ ಚಕ್ಕೆ 250, ಬಜೆ 250, ಕ್ಯಾಸಿಯಾ ಚಕ್ಕೆ 500, ಒಂದು ಹಿನ್ (ಆ ಕಾಲದ ಅಳತೆ) ಆಲಿವ್ ಎಣ್ಣೆ. ಆದರೆ ಅಳತೆ ಬರೆದುಕೊಂಡವರು 32, 33ನೇ ವಚನ ಓದುವುದೇ ಇಲ್ಲ. ಅದೇ ಪಾಕದಲ್ಲಿ ಇನ್ನೊಂದು ಎಣ್ಣೆ ಮಾಡಿದವನನ್ನು ಕುಲದಿಂದ ಹೊರಗೆ ಹಾಕಬೇಕು ಅಂತ ಅಲ್ಲೇ ಇದೆ. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಅಂತ ಹೊಸ ಒಡಂಬಡಿಕೆಯ ಪತ್ರಿಕೆಯಲ್ಲಿ ಯಾಕೋಬ ಬರೆದದ್ದು ಬೇರೆ ಮಾತು. ಅಲ್ಲಿ ಯಾವ ಪಾಕವೂ ಇಲ್ಲ.

ಎಣ್ಣೆ ಬಿಡಿ, ಆ ಎಣ್ಣೆ ಹೊಯ್ಯಿಸಿಕೊಂಡ ಮೊದಲ ಮಹಾಯಾಜಕ, ಮೋಶೆಯ ಅಣ್ಣ ಆರೋನನ ಕೈ ಏನಾಯಿತು ಅಂತ ಯಾರಾದರೂ ಕೇಳಬಾರದೇ? ಆರೋನನನ್ನೂ ಅವನ ಮಕ್ಕಳನ್ನೂ ಯಾಜಕರಾಗಿ ಪ್ರತಿಷ್ಠಿಸಿದ್ದನ್ನು ಹೇಳುವ ಯಾಜಕಕಾಂಡ 8ನ್ನು ನಿಧಾನವಾಗಿ ಓದಿ. ಆರೋನ ತಾನಾಗಿ ಏನೂ ಮಾಡುವುದಿಲ್ಲ. ಸ್ನಾನ ಮಾಡಿಸುವವನು, ಬಟ್ಟೆ ತೊಡಿಸುವವನು, ತಲೆಗೆ ಎಣ್ಣೆ ಹೊಯ್ಯುವವನು ಎಲ್ಲಾ ಮೋಶೆಯೇ. ಮೊದಲು ಹೋರಿ, ಅದು ಪಾಪಕ್ಕಾಗಿ. ಆಮೇಲೆ ಒಂದು ಟಗರು ಸರ್ವಾಂಗಹೋಮಕ್ಕೆ, ಅಂದರೆ ಪೂರ್ತಿ ಸುಡುವುದಕ್ಕೆ. ಎರಡನೇ ಟಗರಿನ ರಕ್ತವನ್ನು ಮೋಶೆ ಆರೋನನ ಬಲಗಿವಿಯ ತುದಿಗೆ, ಬಲಗೈ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆಟ್ಟಿಗೆ ಹಚ್ಚುತ್ತಾನೆ. ಕುಷ್ಠ ವಾಸಿಯಾದವನಿಗೂ ಇದೇ ಮೂರು ಜಾಗ (14ನೇ ಅಧ್ಯಾಯ). ಮಹಾಯಾಜಕನೂ ಊರ ಹೊರಗಿಟ್ಟವನೂ ಒಂದೇ ದಾರಿಯಲ್ಲಿ ಒಳಗೆ ಬರುತ್ತಾರೆ. ನನಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ದೊಡ್ಡ ಮಾತು ಸಿಕ್ಕಿಲ್ಲ.

ಆಮೇಲೆ ಕೊಬ್ಬು, ಎರಡು ಮೂತ್ರಪಿಂಡ, ಬಲತೊಡೆ, ಮೇಲೆ ಹುಳಿಯಿಲ್ಲದ ಮೂರು ಬಗೆಯ ರೊಟ್ಟಿ ಒಂದೊಂದು, ಇಷ್ಟನ್ನೂ ಮೋಶೆ ಆರೋನನ ಮತ್ತು ಅವನ ಮಕ್ಕಳ ಅಂಗೈಗಳಲ್ಲಿ ಇಟ್ಟು, ನೈವೇದ್ಯವಾಗಿ ಆಡಿಸಿ, ಮತ್ತೆ ಅವರ ಕೈಯಿಂದಲೇ ತೆಗೆದು ಬೆಂಕಿಗೆ ಹಾಕುತ್ತಾನೆ. ಬರಿಗೈಯಲ್ಲಿ ಬಂದವರು, ಕೊಟ್ಟಿದ್ದನ್ನೇ ಕೊಡುತ್ತಾರೆ. ಕಥೋಲಿಕ ಗುರುದೀಕ್ಷೆಯಲ್ಲಿ ಬಿಷಪ್ ಹೊಸ ಗುರುವಿನ ಅಂಗೈಗೆ ತೈಲ ಹಚ್ಚಿ, ಜನ ತಂದ ರೊಟ್ಟಿ, ದ್ರಾಕ್ಷಾರಸವನ್ನು ಅದೇ ಕೈಗೆ ಕೊಡುವುದನ್ನು ನೋಡುವಾಗ ಇದು ನೆನಪಿರಲಿ.

ಏಳು ಹಗಲು, ಏಳು ರಾತ್ರಿ ಅವರು ದೇವದರ್ಶನದ ಗುಡಾರದ ಬಾಗಿಲು ಬಿಟ್ಟು ಕದಲುವಂತಿಲ್ಲ. ಎಂಟನೇ ದಿನ ಯೆಹೋವನ ಸನ್ನಿಧಿಯಿಂದ ಬೆಂಕಿ ಬಂತು. ಅದಾದ ಮೇಲೆ ಆರೋನನ ಮಕ್ಕಳಾದ ನಾದಾಬ್, ಅಬೀಹು ಯಾರೂ ಹೇಳದ ಬೆಂಕಿ ತಂದು ಸತ್ತರು. ಪ್ರತಿಷ್ಠೆಯಾದ ಕೂಡಲೇ ತಮ್ಮ ಕೈ ತಮ್ಮದೇ ಅಂದುಕೊಂಡರು ಅಂತಲೇ ನಾನು ಓದಿಕೊಳ್ಳುವುದು.

‘ಹಾಗಾದರೆ ನಾವೂ ಯಾಜಕರು ಅಂತ ಪೇತ್ರ ಬರೆದನಲ್ಲ?’ ಬರೆದ, ಇಡೀ ಸಭೆಗೆ ಬರೆದ. ಆರೋನನ ಹೋರಿ ಅವನ ಪಾಪಕ್ಕೇ ಬೇಕಿತ್ತು. ಯೇಸುವಿಗೆ ಅದು ಬೇಕಿರಲಿಲ್ಲ, ತನ್ನನ್ನೇ ಒಂದೇ ಸಾರಿ ಅರ್ಪಿಸಿದ ಅನ್ನುತ್ತದೆ ಇಬ್ರಿಯರಿಗೆ 7:27. ಹಾಗಾಗಿ ನಮ್ಮ ಕೈಗೆ ಈಗ ಟಗರು ಬರುವುದಿಲ್ಲ. ಏನು ಬರುತ್ತದೆ ಅನ್ನುವುದು ಅದೇ ಪತ್ರಿಕೆಯ 13:15–16ರಲ್ಲಿದೆ: ಸ್ತೋತ್ರ, ಪರೋಪಕಾರ, ಇದ್ದುದನ್ನು ಹಂಚಿಕೊಳ್ಳುವುದು.